ಕಲಿತ ಕಾಲೇಜಿಗೆ ಏನಾದರೂ ಮಾಡಬೇಕು ಅಂತಿದ್ದೀರಾ? ಹೀಗೆ ಶುರು ಮಾಡಿ

ಕಾಲೇಜು ಬಿಟ್ಟು ಹದಿನೈದು-ಇಪ್ಪತ್ತು ವರ್ಷ ಆದ ಮೇಲೆ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ದಿನ ಈ ಮಾತು ಬಂದೇ ಬರುತ್ತದೆ: ‘ನಮ್ಮ ಕಾಲೇಜಿಗೆ ಏನಾದರೂ ಮಾಡೋಣ.’ ಎಲ್ಲರೂ ಹೂಂ ಅನ್ನುತ್ತಾರೆ. ವಾರ ಕಳೆಯುವುದರೊಳಗೆ ಮಾತು ತಣ್ಣಗಾಗುತ್ತದೆ. ಮನಸ್ಸಿಲ್ಲ ಅಂತಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಿರುವುದಿಲ್ಲ, ಅಷ್ಟೇ. ನಾನು ಗದಗಿನಲ್ಲಿ ಡಿಗ್ರಿ ಓದಿದವನು. ಈಗ ನಮ್ಮ ಹಳೆ ವಿದ್ಯಾರ್ಥಿಗಳ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಾವು ಎಡವಿದ್ದು, ಎದ್ದದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಭಾಗಕ್ಕೆ ಇದೇನೂ ಹೊಸ ಕೆಲಸ ಅಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವ ಮುಂಚೆ ಇಲ್ಲಿನ ಹುಡುಗರು ಡಿಗ್ರಿಗೆ ಪುಣೆ, ಮುಂಬೈ ಕಡೆ ಹೋಗಬೇಕಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಆ ಕಾಲೇಜಿಗಾಗಿ ಓಡಾಡಿದರು. ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಕಾಲೇಜು, ಜಾಬಿನ್ ಕಾಲೇಜು ಅನ್ನುತ್ತೇವಲ್ಲ, ಅವು ದಾನಿಗಳ ಹೆಸರು. ಆದರೆ ಅಂಥ ಒಬ್ಬ ದೊಡ್ಡ ದಾನಿ ಬರಲಿ ಅಂತ ಕಾಯುತ್ತ ಕೂತರೆ ಗದಗ, ಹಾವೇರಿಯ ಸಣ್ಣ ಕಾಲೇಜುಗಳ ಕೆಲಸ ಆಗುವುದಿಲ್ಲ. ನಮ್ಮಲ್ಲಿ ಓದಿದವರು ಹೆಚ್ಚಾಗಿ ಶಾಲೆ ಮಾಸ್ತರರು, ಪೊಲೀಸರು, ಬ್ಯಾಂಕಿನವರು, ಎಪಿಎಂಸಿಯಲ್ಲಿ ಅಂಗಡಿ ಇಟ್ಟವರು. ಇವರೇ ಸಾಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕಾಲೇಜಿಗೆ ಹೋಗಿ ಕೇಳಿ

ದುಡ್ಡು ಕೂಡಿಸುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇದು. ನಾವು ಮಾಡಲಿಲ್ಲ. ಉತ್ಸಾಹದಲ್ಲಿ ಆರು ಕಂಪ್ಯೂಟರ್ ಕೊಂಡು ಕೊಟ್ಟೆವು, ಫೋಟೊ ತೆಗೆಸಿಕೊಂಡೆವು. ಆ ಕೋಣೆಗೆ ವೈರಿಂಗ್ ಆಗಿರಲಿಲ್ಲ, ಯುಪಿಎಸ್ ಇರಲಿಲ್ಲ, ನೋಡಿಕೊಳ್ಳುವವರೂ ಇರಲಿಲ್ಲ. ಎರಡು ವರ್ಷ ಅವು ಡಬ್ಬಿಯಲ್ಲೇ ಉಳಿದವು. ತಪ್ಪು ಕಾಲೇಜಿನದಲ್ಲ, ಕೇಳದೆ ಕೊಟ್ಟ ನಮ್ಮದು.

ಯಾರನ್ನು ಕೇಳಬೇಕು? ಪ್ರಿನ್ಸಿಪಾಲರನ್ನು ಖಂಡಿತ ಕೇಳಿ. ಗ್ರಂಥಪಾಲಕರನ್ನು ಕೇಳಿ. ಎಲ್ಲಕ್ಕಿಂತ ಜಾಸ್ತಿ, ಫೀ ಕಟ್ಟಿಸಿಕೊಳ್ಳುವ ಗುಮಾಸ್ತರನ್ನು ಕೇಳಿ. ಯಾವ ಮನೆಯಲ್ಲಿ ಕಷ್ಟ ಇದೆ ಅನ್ನುವುದು ಆ ಕಿಟಕಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಗುಮಾಸ್ತರು ಹೇಳಿದ್ದು ನನಗೆ ಈಗಲೂ ನೆನಪಿದೆ: ‘ಸರ, ಈ ಹುಡುಗ್ರು ಪರೀಕ್ಷಾ ಫೀ ಕಟ್ಟಾಕ ಕಡೀ ದಿನ ಸಂಜೀಕ ಬರ್ತಾವ್ರೀ. ಮುಂಜಾನಿಂದ ಯಾರ ಕಡೆನಾರ ಕೈಗಡ ಕೇಳ್ಕೋತ ಅಡ್ಡಾಡಿರ್ತಾವು.’ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಕೈಗೆ ಬರುವುದು ತಡವಾಗುತ್ತದೆ, ಫೀ ಕಟ್ಟುವ ದಿನ ಮಾತ್ರ ಕಾಯುವುದಿಲ್ಲ. ಅವತ್ತೇ ನಮ್ಮ ಮೊದಲ ಕೆಲಸ ಯಾವುದು ಅಂತ ತೀರ್ಮಾನ ಆಯಿತು.

ಬೇಕು-ಬೇಡಗಳು ಬದಲಾಗುತ್ತಲೂ ಇರುತ್ತವೆ. ಹಿಂದೆ ಹಳ್ಳಿಯಿಂದ ಬರುವ ಹುಡುಗಿಯರಿಗೆ ಬಸ್ ಪಾಸಿನ ದುಡ್ಡು ಕೊಟ್ಟರೆ ದೊಡ್ಡ ಸಹಾಯವಾಗುತ್ತಿತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಅದು ಬೇಕಿಲ್ಲ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಬರುವ ಹುಡುಗರಿಗೆ ಬೇಕು. ರೂಮು ಮಾಡಿಕೊಂಡು ಓದುವವರಿಗೆ ಖಾನಾವಳಿ ಬಿಲ್ಲಿನದೇ ಚಿಂತೆ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಹೋಗಿ ಕೇಳಿ.

ಹೆಸರಿನ ಪಟ್ಟಿ

ಬ್ಯಾಚಿಗೆ ಒಬ್ಬರನ್ನು ಹಿಡಿಯಿರಿ, ಎಲ್ಲರ ನಂಬರು ಕೂಡಿಸುವ ಕೆಲಸ ಅವರಿಗೆ ಕೊಡಿ. ಪಟ್ಟಿಯಲ್ಲಿ ಹೆಸರು, ಓದಿದ ವರ್ಷ, ವಿಷಯ, ಈಗಿನ ಊರು, ಕೆಲಸ ಇರಲಿ. ಜೊತೆಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ದುಡ್ಡು ಕೊಡುತ್ತೀರಾ, ಸಮಯ ಕೊಡುತ್ತೀರಾ? ದುಡ್ಡು ಕೊಡಲಾಗದವರು ಸಂಕೋಚದಿಂದ ದೂರ ಉಳಿಯುತ್ತಾರೆ. ಸಮಯವೂ ಲೆಕ್ಕಕ್ಕಿದೆ ಅಂದರೆ ಬರುತ್ತಾರೆ.

ಸಂಘವನ್ನು ನೋಂದಾಯಿಸಿ

ಸುಮ್ನೆ ಗೆಳೆಯರ ಗುಂಪಾಗಿ ನಡೆಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಒಂದು ವರ್ಷ. ನಾವು ಮೊದಲ ಸಲ ಒಬ್ಬ ಗೆಳೆಯನ ಖಾತೆಗೆ ದುಡ್ಡು ಹಾಕಿಸಿದೆವು. ಅವನು ಕೆಟ್ಟವನಲ್ಲ, ಒಂದು ರೂಪಾಯಿ ತಿಂದವನಲ್ಲ, ಆದರೆ ಮನೆ ಖರ್ಚು, ಸಂಘದ ದುಡ್ಡು ಒಂದೇ ಖಾತೆಯಲ್ಲಿ ಕಲಸಿಹೋಗಿ ಹನ್ನೊಂದು ಸಾವಿರದ ಲೆಕ್ಕ ಹೊಂದಲೇ ಇಲ್ಲ. ಕೊನೆಗೆ ಅವನೇ ಕೈಯಿಂದ ತುಂಬಿದ. ಆಮೇಲೆ ಗ್ರೂಪು ಬಿಟ್ಟುಹೋದ. ಆ ಗೆಳೆತನ ಹೋದದ್ದು ನನಗೆ ಇವತ್ತಿಗೂ ನೋವು.

ಆದ್ದರಿಂದ ಮೊದಲೇ ಕಾನೂನು ಪ್ರಕಾರ ಕಟ್ಟಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 18 ವರ್ಷ ದಾಟಿದ ಕನಿಷ್ಠ 7 ಜನ ಸೇರಿ ಸಂಘ ನೋಂದಾಯಿಸಬಹುದು. ಬೈಲಾ, ಅಂದರೆ ಸಂಘದ ನಿಯಮಗಳನ್ನು ಬರೆಯುವಾಗ ಮೂರು ವಿಷಯ ಬಿಡಬೇಡಿ. ಪದಾಧಿಕಾರಿಗಳ ಅವಧಿ ಎಷ್ಟು ಅನ್ನುವುದು. ಬ್ಯಾಂಕಿಗೆ ಇಬ್ಬರ ಸಹಿ ಬೇಕು ಅನ್ನುವುದು. ಕಾಲೇಜಿನ ಕಡೆಯಿಂದ ಪ್ರಿನ್ಸಿಪಾಲರೋ ಒಬ್ಬ ಅಧ್ಯಾಪಕರೋ ಸಮಿತಿಯಲ್ಲಿ ಇರಬೇಕು ಅನ್ನುವುದು. ಆಮೇಲೆ ಸಂಘದ ಹೆಸರಿನಲ್ಲೇ ಪ್ಯಾನ್, ಬ್ಯಾಂಕ್ ಖಾತೆ. ಪ್ರತಿ ವರ್ಷ ಸರ್ವಸಾಧಾರಣ ಸಭೆ, ಆಡಿಟ್, ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸುವುದು. ಇಲ್ಲೇ ಬಹಳ ಸಂಘಗಳು ಮಲಗಿಬಿಡುತ್ತವೆ. ಕಾಲೇಜಿಗೂ ಇದರಿಂದ ಉಪಯೋಗ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯವರು ಮಾನ್ಯತೆಗೆ ಬಂದಾಗ ನೋಂದಾಯಿತ ಹಳೆ ವಿದ್ಯಾರ್ಥಿಗಳ ಸಂಘ ಇದೆಯಾ, ಅದು ಏನು ಕೊಟ್ಟಿದೆ ಅಂತ ಕೇಳುತ್ತಾರೆ.

ದುಡ್ಡಿನ ಮಾತು

ಬ್ಯಾಚಿನಲ್ಲಿ 60 ಜನ ಇದ್ದಾರೆ ಅಂದುಕೊಳ್ಳಿ. ತಿಂಗಳಿಗೆ 500 ರೂಪಾಯಿ ತಾನಾಗಿಯೇ ಕಡಿತವಾಗುವ ಹಾಗೆ ಬ್ಯಾಂಕಿಗೆ ಹೇಳಿದರೆ ವರ್ಷಕ್ಕೆ 3,60,000 ಆಯಿತು. ಅರ್ಧ ಜನ ಮಾತ್ರ ಕೊಟ್ಟರೂ 1,80,000. ನಾನು ಸಣ್ಣ ಮೊತ್ತದ ಪಕ್ಷದವನು. ಒಮ್ಮೆ ಐವತ್ತು ಸಾವಿರ ಕೊಟ್ಟು ಮರೆಯುವವರಿಗಿಂತ ತಿಂಗಳಿಗೆ ಐದುನೂರು ಕೊಡುವವರು ಕಾಲೇಜಿನ ಸುದ್ದಿ ಕೇಳುತ್ತಲೇ ಇರುತ್ತಾರೆ.

ಬಂದದ್ದನ್ನೆಲ್ಲ ಖರ್ಚು ಮಾಡಬೇಡಿ. ಒಂದು ಪಾಲು ಇಡಿಗಂಟಾಗಿ ಠೇವಣಿ ಇಡಿ. 10 ಲಕ್ಷಕ್ಕೆ ಶೇ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 70,000 ಬರುತ್ತದೆ. ಮುಂದೆ ಯಾರೂ ಕೊಡದ ವರ್ಷ ಬಂದರೂ ಒಂದಿಷ್ಟು ಮಕ್ಕಳ ಫೀ ನಿಲ್ಲುವುದಿಲ್ಲ.

ದೊಡ್ಡ ಮೊತ್ತ ಕೊಡುವವರು ತೆರಿಗೆ ವಿನಾಯಿತಿ ಕೇಳುತ್ತಾರೆ. ಅದಕ್ಕೆ ಸಂಘವು ಆದಾಯ ತೆರಿಗೆ ಇಲಾಖೆಯಿಂದ 12ಎ (ಸಂಘದ ಆದಾಯಕ್ಕೆ), 80ಜಿ (ಕೊಡುವವರಿಗೆ) ಎಂದು ಜನ ಕರೆಯುವ ಮಾನ್ಯತೆ ಪಡೆಯಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಈ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಬೇಜಾರು ಬೇಡ.

ಅಮೆರಿಕದಲ್ಲಿರುವ ಗೆಳೆಯರ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಇನ್ನೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು ಕಳಿಸಿದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಅನುಮತಿ ಸಿಕ್ಕರೂ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಾಸ್‌ಪೋರ್ಟ್ ಯಾವುದು ಅಂತ ಗೆಳೆಯನನ್ನು ಕೇಳುವುದಕ್ಕೆ ಮುಜುಗರ ಪಡಬೇಡಿ. ಒಬ್ಬ ಒಳ್ಳೆಯ ಸಿಎ ಜೊತೆಗಿರಲಿ.

ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ದುಡ್ಡಿಗೆ ಅವಸರ ಬೇಡ. ಹೊರಗಿನ ಸಂಘಕ್ಕೆ ಅವರು ಕೆಲಸ ಒಪ್ಪಿಸಬೇಕಾದರೆ 3 ವರ್ಷ ಕೆಲಸ ಮಾಡಿದ ದಾಖಲೆ ಬೇಕು.

ಮಕ್ಕಳ ಜೊತೆ ಮಾತು

ದುಡ್ಡಿಗಿಂತ ಇದು ಹೆಚ್ಚು ಅಂತ ನಾನು ನಂಬಿದ್ದೇನೆ. ನಮ್ಮ ಮಕ್ಕಳಲ್ಲಿ ಬುದ್ಧಿಗೆ ಕೊರತೆ ಇಲ್ಲ, ಹೇಳುವವರಿಲ್ಲ. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಅಂತ ಧಾರವಾಡಕ್ಕೆ ಹೋಗಿ ರೂಮು ಹಿಡಿಯುತ್ತಾರೆ, ಮೂರು-ನಾಲ್ಕು ವರ್ಷ ಕಳೆಯುತ್ತದೆ. ಯಾವ ಪರೀಕ್ಷೆ ತನಗೆ ಸರಿ, ಎಷ್ಟು ಸಲ ಬರೆಯಬೇಕು, ಯಾವಾಗ ಬೇರೆ ದಾರಿ ನೋಡಬೇಕು ಅನ್ನುವುದನ್ನು ಆ ದಾರಿಯಲ್ಲಿ ನಡೆದವರೇ ಹೇಳಬೇಕು. ಪಾಸಾದವರನ್ನಷ್ಟೇ ಕರೆಯಬೇಡಿ. ಪಾಸಾಗದೆ ಬೇರೆ ಕೆಲಸ ಹಿಡಿದು ಚೆನ್ನಾಗಿರುವವರನ್ನೂ ಕರೆಯಿರಿ. ಅವರ ಮಾತನ್ನು ಮಕ್ಕಳು ಉಸಿರು ಹಿಡಿದು ಕೇಳುತ್ತಾರೆ, ನಾನೇ ನೋಡಿದ್ದೇನೆ.

ವೇದಿಕೆಯ ಭಾಷಣಕ್ಕಿಂತ ಒಬ್ಬರಿಗೆ ಮೂರು ಮಕ್ಕಳನ್ನು ಒಪ್ಪಿಸುವುದು ಒಳ್ಳೆಯದು. ತಿಂಗಳಿಗೆ ಎರಡು ಭಾನುವಾರ ಅರ್ಧ ಗಂಟೆ ಫೋನು ಸಾಕು, ಒಬ್ಬ ಅಧ್ಯಾಪಕರಿಗೆ ಅದು ಗೊತ್ತಿರಲಿ. ಬ್ಯಾಂಕಿನಲ್ಲಿರುವವರು ಸಂದರ್ಶನದ ಅಭ್ಯಾಸ ಮಾಡಿಸಲಿ, ಬಯೊಡೇಟಾ ತಿದ್ದಲಿ.

ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಸಮಿತಿಯಲ್ಲಿ ಹಳೆ ವಿದ್ಯಾರ್ಥಿಗೆ ಒಂದು ಜಾಗ ಇದೆ. ಸ್ವಾಯತ್ತ ಕಾಲೇಜಾದರೆ ಪಠ್ಯ ತೀರ್ಮಾನಿಸುವ ಮಂಡಳಿಯಲ್ಲೂ ಇರುತ್ತದೆ. ಆ ಜಾಗ ಸುಮ್ನೆ ಹೆಸರಿಗೆ ಹೋಗದಿರಲಿ, ಸಭೆಗೆ ಬರುವವರನ್ನೇ ಕಳಿಸಿ. ನೇಮಕಾತಿ, ಅಂಕ, ಪ್ರವೇಶದ ವಿಷಯಕ್ಕೆ ಮಾತ್ರ ಕೈ ಹಾಕಬೇಡಿ.

ಕೊಡುವಾಗ

ಯಾರಿಗೆ ಕೊಡಬೇಕು ಅನ್ನುವುದನ್ನು ಇಬ್ಬರು ಅಧ್ಯಾಪಕರು, ಇಬ್ಬರು ಸಂಘದವರು ಕೂತು ನಿರ್ಧರಿಸಲಿ. ಫೀ ನೇರ ಕಾಲೇಜಿಗೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ದಯವಿಟ್ಟು ಆ ಮಗುವನ್ನು ವೇದಿಕೆಗೆ ಕರೆದು ಚೆಕ್ ಹಿಡಿಸಿ ಫೋಟೊ ತೆಗೆಯಬೇಡಿ. ನಮ್ಮಲ್ಲಿ ಒಬ್ಬ ಹುಡುಗಿ ಆ ಒಂದೇ ಕಾರಣಕ್ಕೆ ಸಹಾಯ ಬೇಡ ಅಂದಿದ್ದಳು. ಹಣ ಕೊಟ್ಟವರಿಗೆ ಮಕ್ಕಳ ಹೆಸರು ಬೇಕಿಲ್ಲ, ಲೆಕ್ಕ ಬೇಕು. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಬರೆದು ಗ್ರೂಪಿಗೆ ಹಾಕಿ, ಕಾಲೇಜಿನ ನೋಟಿಸ್ ಬೋರ್ಡಿಗೂ ಅಂಟಿಸಿ. ನಾವು ಹಾಗೆ ಶುರು ಮಾಡಿದ ಮೇಲೆಯೇ ಎರಡನೇ ವರ್ಷದ ದುಡ್ಡು ಕೇಳದೆ ಬಂತು.

ಇನ್ನೊಂದು ಕೆಲಸ ಉಳಿದಿದೆ. ಕೊನೆಯ ಸೆಮಿಸ್ಟರಿನ ಮಕ್ಕಳು ಹಾಲ್ ಟಿಕೆಟ್ ತೆಗೆದುಕೊಳ್ಳಲು ಬರುವ ದಿನ ಸಂಘದ ಒಬ್ಬರು ಆ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂಡಲಿ. ಪ್ರತಿಯೊಬ್ಬರ ಹೆಸರು, ನಂಬರು ಬರೆದುಕೊಳ್ಳಲಿ. ಅವತ್ತು ಅವರ ಹತ್ತಿರ ದುಡ್ಡು ಕೇಳಬಾರದು. ಮುಂದೆ ಏನು ಮಾಡಬೇಕು ಅಂತಿದ್ದೀರಿ, ಯಾರ ಜೊತೆ ಮಾತಾಡಿಸಲಿ ಅಂತ ಕೇಳಬೇಕು.