ಫ್ಯಾನ್ ತಿರುಗಿದರೆ ಸಾಲದು: ಎಸ್‌ಎಂಪಿಎಸ್ ಕೆಟ್ಟಿದೆಯಾ ಅಂತ ಪತ್ತೆ ಹಚ್ಚುವುದು ಹೇಗೆ?

ಮಂಡ್ಯದ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ನಷ್ಟ ಒಂದಿದೆ. ಕಂಪ್ಯೂಟರ್ ಆನ್ ಆಗುವುದಿಲ್ಲ. ನೋಡಲು ಬಂದವರು ಎಸ್‌ಎಂಪಿಎಸ್‌ನ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬಿ) ಫ್ಯಾನ್ ತಿರುಗುವುದನ್ನು ನೋಡಿ, ‘ಇದು ಚೆನ್ನಾಗಿದೆ, ಮದರ್‌ಬೋರ್ಡೇ ಹೋಗಿದೆ’ ಅನ್ನುತ್ತಾರೆ. ಹೊಸ ಬೋರ್ಡ್‌ಗೆ ದುಡ್ಡು ಸುರಿದ ಮೇಲೂ ತೊಂದರೆ ಹಾಗೇ ಇರುತ್ತದೆ. ಫ್ಯಾನ್ ತಿರುಗಲು 12 ವೋಲ್ಟ್‌ನಲ್ಲಿ ಅತಿ ಸಣ್ಣ ಕರೆಂಟ್ ಸಾಕು. ಅದರಿಂದ ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಅಳೆದು ನೋಡದೆ ಯಾವ ಪಾರ್ಟನ್ನೂ ಕೊಳ್ಳಬೇಡಿ.

ಹೆಜ್ಜೆ 1: ಗೋಡೆಯಿಂದ ಶುರು ಮಾಡಿ

ಯುಪಿಎಸ್, ಎಕ್ಸ್‌ಟೆನ್ಶನ್ ಬಾಕ್ಸ್ ಎರಡನ್ನೂ ಬಿಟ್ಟು, ಗೋಡೆಯ ಸಾಕೆಟ್‌ಗೇ ನೇರವಾಗಿ ಪ್ಲಗ್ ಹಾಕಿ. ಬೇರೆ ಪವರ್ ಕೇಬಲ್ ಹಾಕಿ ನೋಡಿ. ಕಂಪ್ಯೂಟರ್ ಹಿಂಭಾಗದ ಸಣ್ಣ ಸ್ವಿಚ್ ಆನ್ ಇದೆಯಾ ಅಂತ ಗಮನಿಸಿ. ಬ್ಯಾಟರಿ ಸೋತ ಯುಪಿಎಸ್ ಇದ್ದರೆ, ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಅದರ ತಪ್ಪನ್ನು ಎಸ್‌ಎಂಪಿಎಸ್ ಮೇಲೆ ಹಾಕುವವರು ಬಹಳ ಜನ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದಾ? ಅದು ಹೆಚ್ಚಿನ ಸಲ ಅರ್ಥಿಂಗ್ ತೊಂದರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟ್ ಸದಾ ಅರ್ಥ್ ವೈರಿಗೆ ಹೋಗುತ್ತಿರುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ನಲ್ಲೇ ಉಳಿಯುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿ ಎರಡು ಪಿನ್‌ನ ಸಾಕೆಟ್‌ಗೆ ತುರುಕುವುದನ್ನಂತೂ ದಯವಿಟ್ಟು ನಿಲ್ಲಿಸಿ.

ಹೆಜ್ಜೆ 2: ಮೂಗು ಮತ್ತು ಕಿವಿ

ಎಸ್‌ಎಂಪಿಎಸ್‌ನಿಂದ ಸುಟ್ಟ ವಾಸನೆ ಬಂದರೆ ಅಥವಾ ಪಟ್ ಅಂತ ಸದ್ದು ಕೇಳಿದ್ದರೆ ಪರೀಕ್ಷೆಯೇ ಬೇಡ, ಬದಲಾಯಿಸಿ. ಒಳಗೆ ಏನಾಗಿದೆ ನೋಡೋಣ ಅಂತ ಡಬ್ಬಿ ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಎಸಿ ಅದರೊಳಗೆ 325 ವೋಲ್ಟ್ ಸುಮಾರಿನ ಡಿಸಿ ಆಗುತ್ತದೆ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಅದು ಉಳಿದಿರಬಹುದು. ಜೀವಕ್ಕೆ ಅಪಾಯ.

ಹೆಜ್ಜೆ 3: ಮಲ್ಟಿಮೀಟರ್ ಹಿಡಿಯಿರಿ

ಎಲ್ಲರೂ ಹಾರಿಸುವ ಹೆಜ್ಜೆ ಇದೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ವೋಲ್ಟ್ ಅಳೆಯುವ ಸಾದಾ ಹಳದಿ ಮಲ್ಟಿಮೀಟರ್ ಸಾಕು. ಆದರೆ ಅದರ ಬ್ಯಾಟರಿ ಹೊಸದಿರಲಿ. ಬ್ಯಾಟರಿ ಇಳಿದಿದ್ದರೆ ಅಗ್ಗದ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ವೋಲ್ಟ್ ತೋರಿಸುತ್ತವೆ. ಇಂಥ ಮೀಟರ್ ಇಟ್ಟುಕೊಂಡು ಗೋಡೆಯ ಸಾಕೆಟ್ ಅಳೆಯಲು ಹೋಗಬೇಡಿ.

ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಮದರ್‌ಬೋರ್ಡ್‌ಗೆ ಹಾಕಿರುವ ಅಗಲವಾದ 24 ಪಿನ್ ಕನೆಕ್ಟರನ್ನು ತೆಗೆಯಬೇಡಿ. ಅದರ ಹಿಂಭಾಗದಲ್ಲಿ, ವೈರ್ ಒಳಹೋಗುವ ಸಂದಿಯಲ್ಲಿ ಪ್ರೋಬಿನ (ಮೀಟರ್‌ನ ವೈರಿಗಿರುವ ಕಡ್ಡಿ) ಮೊನೆಯನ್ನು ಇಳಿಸಬೇಕು. ಕಪ್ಪು ಪ್ರೋಬ್ ಯಾವುದಾದರೂ ಕಪ್ಪು ವೈರ್‌ನಲ್ಲಿರಲಿ. ಕೆಂಪು ಪ್ರೋಬ್ ಒಂದು ಸಲಕ್ಕೆ ಒಂದೇ ಪಿನ್ ಮುಟ್ಟಬೇಕು. ಕೈ ಜಾರಿ ಎರಡು ಪಿನ್ ಸೇರಿದರೆ ಶಾರ್ಟ್ ಆಗುತ್ತದೆ.

ಮೊದಲು ನೇರಳೆ ವೈರ್. ಮೇನ್ ಸ್ವಿಚ್ (ಗೋಡೆಯ ಸ್ವಿಚ್) ಹಾಕಿದ್ದರೆ ಸಾಕು, ಕಂಪ್ಯೂಟರ್ ಆಫ್ ಆಗಿದ್ದಾಗಲೂ ಇಲ್ಲಿ 5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಮೇನ್ ಆಫ್ ಮಾಡಿ, ಬೋರ್ಡ್‌ಗೆ ಹೋಗುವ ಎಲ್ಲ ಕನೆಕ್ಟರ್ ತೆಗೆದು, ಮೇನ್ ಮಾತ್ರ ಮತ್ತೆ ಆನ್ ಮಾಡಿ ಅಳೆಯಿರಿ. ಆಗಲೂ ಇಲ್ಲ ಅಂದರೆ ಎಸ್‌ಎಂಪಿಎಸ್ ಸತ್ತಿದೆ. ಆಗ ಬಂತು ಅಂದರೆ ಬೋರ್ಡ್‌ನಲ್ಲೇ ಶಾರ್ಟ್ ಇರಬಹುದು.

ನೇರಳೆ ಸರಿ ಇದ್ದರೆ ಹಸಿರು ವೈರ್‌ಗೆ ಬನ್ನಿ. ‘ಕರೆಂಟ್ ಕೊಡು’ ಎಂದು ಬೋರ್ಡ್ ಎಸ್‌ಎಂಪಿಎಸ್‌ಗೆ ಹೇಳುವುದು ಇದರಿಂದಲೇ. ಆಫ್ ಇದ್ದಾಗ ಇಲ್ಲಿ ಕೆಲವು ವೋಲ್ಟ್ ಇರುತ್ತದೆ, ಬಟನ್ ಒತ್ತಿದ ಕೂಡಲೇ ಸೊನ್ನೆಯ ಹತ್ತಿರ ಇಳಿಯಬೇಕು. ಇಳಿಯದಿದ್ದರೆ ಬೋರ್ಡ್ ಕೇಳಿಯೇ ಇಲ್ಲ, ಅದಕ್ಕೇ ಎಸ್‌ಎಂಪಿಎಸ್ ಕೊಟ್ಟಿಲ್ಲ. ತೊಂದರೆ ಬಟನ್‌ನಲ್ಲಿ ಅಥವಾ ಬೋರ್ಡ್‌ನಲ್ಲಿದೆ. ಬಟನ್ ವೈರ್ ಕಿತ್ತು, ಅದು ಕೂತಿದ್ದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ತಾಗಿಸಿ. ಆನ್ ಆದರೆ ಬಟನ್ ಕೆಟ್ಟಿದೆ, ಅಷ್ಟೇ.

ಹಸಿರು ಇಳಿದರೂ ಹಳದಿ, ಕೆಂಪು, ಕಿತ್ತಳೆ ವೈರ್‌ಗಳಲ್ಲಿ ಏನೂ ಬರದಿದ್ದರೆ ಅನುಮಾನ ಎಸ್‌ಎಂಪಿಎಸ್ ಕಡೆ ತಿರುಗುತ್ತದೆ. ಆದರೂ ಅವಸರ ಬೇಡ. ಎಲ್ಲೋ ಶಾರ್ಟ್ ಇದ್ದರೆ ಒಳ್ಳೆಯ ಎಸ್‌ಎಂಪಿಎಸ್ ತಾನೇ ಆಫ್ ಆಗುತ್ತದೆ. ಒಂದು ಕ್ಷಣ ಫ್ಯಾನ್ ತಿರುಗಿ ನಿಲ್ಲುವುದು ಇದರಿಂದಲೂ ಆಗಬಹುದು. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಗ್ರಾಫಿಕ್ಸ್ ಕಾರ್ಡ್ ಒಂದೊಂದಾಗಿ ತೆಗೆದು ನೋಡಿ. ಪ್ರತಿ ಸಲವೂ ಮೇನ್ ಆಫ್ ಮಾಡಿಯೇ ತೆಗೆಯಿರಿ.

ಆನ್ ಆದರೆ ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಒಳಗಿರಬೇಕು. ಬೂದು ವೈರ್‌ನಲ್ಲಿ 5 ವೋಲ್ಟ್ ಸುಮಾರು ಬರಬೇಕು. ಎಸ್‌ಎಂಪಿಎಸ್ ‘ಎಲ್ಲ ಸರಿಯಿದೆ’ ಎಂದು ಹೇಳುವುದು ಅದರಿಂದಲೇ. ಬೂದು ಬರದಿದ್ದರೆ ಫ್ಯಾನ್ ಎಷ್ಟೇ ತಿರುಗಲಿ, ಬೋರ್ಡ್ ಏಳುವುದಿಲ್ಲ.

ಹಸಿರು, ಕಪ್ಪು ಪಿನ್ ಸೇರಿಸಿ ಪೇಪರ್ ಕ್ಲಿಪ್ ಹಾಕುವ ಉಪಾಯ ಎಲ್ಲರಿಗೂ ಗೊತ್ತು. ಮಾಡುವುದಾದರೆ ಕನೆಕ್ಟರ್ ಬೋರ್ಡ್‌ನಿಂದ ಹೊರಗಿರಲಿ, ಹಳೇ ಹಾರ್ಡ್ ಡಿಸ್ಕ್ ಒಂದನ್ನು ಲೋಡ್ (ಕರೆಂಟ್ ಎಳೆಯುವ ಭಾರ) ಆಗಿ ಸಿಕ್ಕಿಸಿ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಲೈಟ್ ಹತ್ತಿ ‘ಓಕೆ’ ತೋರಿಸುವ ಸಣ್ಣ ಟೆಸ್ಟರ್‌ಗಳೂ ಹಾಗೇ. ಲೋಡ್ ಬಿದ್ದಾಗ ಏನಾಗುತ್ತದೆ ಅಂತ ಅವು ಹೇಳುವುದಿಲ್ಲ.

ಹೆಜ್ಜೆ 4: ಲೋಡ್ ಹಾಕಿ ನೋಡಿ

ಕೆಲಸ ಜಾಸ್ತಿಯಾದಾಗ ಮಾತ್ರ ರೀಸ್ಟಾರ್ಟ್ ಆಗುವ ಕಂಪ್ಯೂಟರ್‌ಗೆ ಇದು ಬೇಕೇ ಬೇಕು. ಖಾಲಿ ಇರುವ ನಾಲ್ಕು ಪಿನ್‌ನ ಡ್ರೈವ್ ಕನೆಕ್ಟರ್‌ನ ಹಳದಿ, ಕಪ್ಪು ರಂಧ್ರಗಳಲ್ಲಿ ಪ್ರೋಬ್ ಇಟ್ಟು, ಮದುವೆ ವಿಡಿಯೊ ಎಕ್ಸ್‌ಪೋರ್ಟ್‌ನಂಥ ಭಾರದ ಕೆಲಸ ಶುರು ಮಾಡಿ. ರೀಡಿಂಗ್ 11.4ಕ್ಕಿಂತ ಕೆಳಗೆ ಇಳಿದರೆ ಎಸ್‌ಎಂಪಿಎಸ್ ಸೋಲುತ್ತಿದೆ.

ಹೊಸದು ಕೊಳ್ಳುವಾಗ

ಸ್ಟಿಕ್ಕರ್ ಮೇಲಿನ ದೊಡ್ಡ ಸಂಖ್ಯೆ ನಂಬಬೇಡಿ, ಪಕ್ಕದ ಟೇಬಲ್ ಓದಿ. ‘450 ವ್ಯಾಟ್’ ಎಂದಿದ್ದು 12 ವೋಲ್ಟ್‌ಗೆ 14 ಆಂಪ್ ಅಂತ ಬರೆದಿದ್ದರೆ, ನಿಜವಾಗಿ ಬೇಕಾದ ಕಡೆ ಸಿಗುವುದು 168 ವ್ಯಾಟ್ ಮಾತ್ರ. ಕ್ಯಾಬಿನೆಟ್ ಜೊತೆ ಫ್ರೀ ಕೊಡುವ ಹಗುರ ಎಸ್‌ಎಂಪಿಎಸ್ ಬೇಡ. ಸೆಕೆಂಡ್ ಹ್ಯಾಂಡ್ ಅಂತೂ ಬೇಡವೇ ಬೇಡ. ಡೆಲ್, ಎಚ್‌ಪಿ, ಲೆನೊವೊದ ಹಲವು ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ 24 ಪಿನ್ ಇರುವುದೇ ಇಲ್ಲ, ಮೇಲಿನ ವೈರ್ ಬಣ್ಣಗಳ ಲೆಕ್ಕವೂ ಅವಕ್ಕೆ ಹೊಂದುವುದಿಲ್ಲ. ಹಾಗಾಗಿ ಹಳೆಯದನ್ನು ಅಂಗಡಿಗೇ ತೆಗೆದುಕೊಂಡು ಹೋಗಿ. ಕೇಬಲ್ ಕಳಚುವ ಮಾದರಿಯಾದರೆ ಹಳೇ ಕೇಬಲನ್ನು ಹೊಸದಕ್ಕೆ ಸಿಕ್ಕಿಸಬೇಡಿ. ತುದಿ ಕೂತರೂ ಒಳಗಿನ ವೈರ್ ಕ್ರಮ ಬೇರೆ ಇದ್ದರೆ ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದೆ. ಜೋಡಿಸುವಾಗ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ಕ್ಲಿಪ್ ಬೀಳುವವರೆಗೆ ಒತ್ತಿ. ಅದನ್ನು ಮರೆತರೆ ಫ್ಯಾನ್ ಎಲ್ಲ ತಿರುಗಿದರೂ ಡಿಸ್‌ಪ್ಲೇ ಬರುವುದಿಲ್ಲ.