ಸೊಪ್ಪು, ಡಬಲ್ ಬೀನ್ಸ್, ಸಾಸೇಜ್: ನಮ್ಮ ಮನೆಯಲ್ಲಿ ನಾನು ಮಾಡುವ ಬಗೆ

ಸಾಸೇಜ್ ಹಾಕಿ ಸೊಪ್ಪು-ಕಾಳು ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಸಾಸೇಜ್ ಬಗ್ಗೆಯೇ ಕೇಳುತ್ತಾರೆ. ಯಾವ ಅಂಗಡಿಯದು, ಎಷ್ಟು ಹಾಕಿದ್ರಿ, ಪೋರ್ಕಾ ಚಿಕನ್ನಾ. ನಾನು ಹೇಳುವುದು ಇಷ್ಟೇ: ಈ ಅಡುಗೆಯಲ್ಲಿ ಸಾಸೇಜ್‌ದು ಒಗ್ಗರಣೆಯ ಕೆಲಸ. ಹೊಟ್ಟೆ ತುಂಬಿಸುವುದು ಸೊಪ್ಪು ಮತ್ತು ಕಾಳು. ಅವೆರಡನ್ನೂ ಒಂದು ಮಾಡುವುದು ಕಾಳು ಬೆಂದ ಕಟ್ಟು. ಬಸ್ಸಾರು ಮಾಡುವ ಮನೆಯವರಿಗೆ ಕಟ್ಟಿನ ಬೆಲೆ ಗೊತ್ತೇ ಇರುತ್ತೆ.

ಇಟಲಿಯ ಟಸ್ಕನಿ ಕಡೆ ಕಪ್ಪು ಕೇಲ್ ಸೊಪ್ಪನ್ನು ಬಿಳಿ ಬೀನ್ಸ್ ಜೊತೆ ಬೇಯಿಸುತ್ತಾರೆ. ಪೋರ್ಚುಗಲ್‌ನವರು ಕೋಸಿನ ಜಾತಿಯ ಸೊಪ್ಪು, ಆಲೂಗಡ್ಡೆ, ಸಾಸೇಜ್ ಸೇರಿಸಿ ಕಾಲ್ದೊ ವೆರ್ದೆ ಅನ್ನುವ ಸೂಪ್ ಮಾಡುತ್ತಾರೆ. ಗೋವಾದಲ್ಲಿ ಬೀನ್ಸ್ ಮತ್ತು ಚೊರಿಸೊ (ಅಲ್ಲಿಯ ಹುಳಿ-ಖಾರದ ಪೋರ್ಕ್ ಸಾಸೇಜ್) ಹಾಕಿ ಮಾಡುವ ಫೆಯ್ಜುವಾದವೂ ಆ ಪೋರ್ಚುಗೀಸ್ ನಂಟಿನದೇ. ನಾನು ಇವುಗಳಲ್ಲಿ ಯಾವುದನ್ನೂ ಹಾಗೇ ಮಾಡುವುದಿಲ್ಲ. ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಸಿಗುವುದನ್ನು ಹಾಕಿ, ಮುದ್ದೆಗೂ ಹೊಂದುವ ಹಾಗೆ ಮಾಡುತ್ತೇನೆ.

ಮೊದಲು ಸೊಪ್ಪು. ಈ ಅಡುಗೆಗೆ ಪಾಲಕ್ ಬೇಡ. ಎರಡು ನಿಮಿಷಕ್ಕೆ ಕರಗಿ ಹೋಗುತ್ತೆ, ಬಾಯಿಗೆ ಸಿಗುವುದೇ ಇಲ್ಲ. ಹತ್ತು ಹದಿನೈದು ನಿಮಿಷ ಕುದಿದರೂ ಮೈ ಉಳಿಸಿಕೊಳ್ಳುವ ಗಟ್ಟಿ ಸೊಪ್ಪು ಬೇಕು. ಕೇಲ್ ಈಗ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತೆ, ಆದರೆ ನನಗೆ ಅದಕ್ಕಿಂತ ಇಷ್ಟ ನವಿಲುಕೋಸಿನ ಎಲೆ. ಕೇಲ್, ಎಲೆಕೋಸು, ಹೂಕೋಸು, ಬ್ರೊಕೊಲಿ, ನವಿಲುಕೋಸು, ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ, ಬ್ರಾಸಿಕಾ ಒಲರೇಸಿಯಾ. ಹಾಗಾಗಿ ಕೇಲ್‌ನ ರುಚಿ, ಕೇಲ್‌ನ ಗಟ್ಟಿತನ ಎರಡೂ ಈ ಎಲೆಯಲ್ಲಿವೆ. ನಮ್ಮಲ್ಲಿ ಇದನ್ನು ಕಿತ್ತು ಬುಟ್ಟಿಯ ಪಕ್ಕಕ್ಕೆ ಎಸೆಯುತ್ತಾರೆ.

ರಸೆಲ್ ಮಾರ್ಕೆಟ್‌ಗೆ ಬೆಳಗ್ಗೆ ಬೇಗ ಹೋದರೆ ಎಲೆ ಸಮೇತ ಇರುವ ಗೆಡ್ಡೆ ಸಿಗುತ್ತೆ. ತೂಕಕ್ಕೆ ಹಾಕುವ ಮುಂಚೆ ಅಂಗಡಿಯವರು ಅಭ್ಯಾಸಬಲದಿಂದ ಎಲೆಗೆ ಕೈ ಹಾಕುತ್ತಾರೆ.

"ಎಲೆ ಕಿತ್ಬಿಡ್ಲಾ ಅಕ್ಕ?"

"ಬೇಡಣ್ಣ, ಹಂಗೇ ಇರ್ಲಿ. ಅಲ್ಲಿ ಬಿದ್ದಿರೋದನ್ನೂ ಕೊಡಿ."

ಈಗ ಅವರೇ ಎಳೆ ಎಲೆ ನೋಡಿ ಒಂದು ಕಟ್ಟು ಎತ್ತಿಟ್ಟಿರುತ್ತಾರೆ. ಎಲೆ ಸಾಲದಿದ್ದರೆ ದಂಟಿನ ಸೊಪ್ಪು ಸೇರಿಸುತ್ತೇನೆ, ದಂಟಿನ ಸಮೇತ. ಜೊತೆಗೆ ಒಂದು ಹಿಡಿ ಮೆಂತ್ಯ ಸೊಪ್ಪು. ಸಾಸೇಜ್‌ನ ಕೊಬ್ಬಿಗೆ ಆ ಸಣ್ಣ ಕಹಿ ತುಂಬಾ ಚೆನ್ನಾಗಿ ಹೊಂದುತ್ತೆ.

ಕೋಸಿನ ಜಾತಿಯ ಎಲೆಯನ್ನು ತಿರುಗಿಸಿ ನೋಡಬೇಕು. ಗಿಡದ ಹೇನು, ಹಸಿರು ಹುಳು ಕೂರುವುದು ಎಲೆಯ ಅಡಿಯಲ್ಲಿ. ಅಗಲವಾದ ಬೇಸಿನ್‌ನಲ್ಲಿ ಉಪ್ಪುನೀರು ಮಾಡಿ ಹತ್ತು ನಿಮಿಷ ಮುಳುಗಿಸಿಡಿ. ಆಮೇಲೆ ಎಲೆಯನ್ನು ಕೈಯಲ್ಲಿ ಮೇಲಕ್ಕೆತ್ತಿ ತೆಗೆಯಿರಿ. ನೀರನ್ನು ಜರಡಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣೆಲ್ಲ ಮತ್ತೆ ಸೊಪ್ಪಿಗೇ ಬರುತ್ತೆ. ಎಲೆಯ ನಡುವಿನ ದಪ್ಪ ನರವನ್ನು ಬಿಡಿಸಿ ಸಣ್ಣಗೆ ಹೆಚ್ಚಿ ಬೇರೆ ಇಡಿ. ಎಲೆಯನ್ನು ಬೆರಳಗಲ ಹೆಚ್ಚಿದರೆ ಸಾಕು.

ಕಾಳಿನ ವಿಷಯಕ್ಕೆ ಬಂದರೆ ನನ್ನ ಆಯ್ಕೆ ಡಬಲ್ ಬೀನ್ಸ್. ಒಳಗೆ ಬೆಣ್ಣೆ ಹಾಗೆ ನುಣ್ಣಗೆ ಬೇಯುತ್ತೆ, ಕಟ್ಟೂ ಮಂದವಾಗಿ ಬರುತ್ತೆ. ಬಿಡಿಸಿದ ಹಸಿ ಕಾಳು ಸಿಕ್ಕಿದರೆ ನಾಲ್ಕು ಜನಕ್ಕೆ ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ತರುತ್ತೇನೆ. ತೆರೆದ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ಬೇಯುತ್ತೆ. ಒಣಕಾಳಾದರೆ ಒಂದು ಲೋಟ, ರಾತ್ರಿಯೇ ನೆನೆಸಬೇಕು.

ಬೆಂಗಳೂರಿನಲ್ಲಿ ಕಾಳು ಬೇಯುವುದಕ್ಕೂ ಮನೆಯ ನೀರಿಗೂ ಸಂಬಂಧ ಇದೆ. ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಅನ್ನುವ ಅಂಟಿನ ಅಂಶದ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತೆ, ಎಷ್ಟು ವಿಷಲ್ ಕೂಗಿಸಿದರೂ ಸಿಪ್ಪೆ ಮೆತ್ತಗಾಗುವುದಿಲ್ಲ. ಕಾವೇರಿ ನೀರಿನಲ್ಲಿ ಈ ತೊಂದರೆ ಕಡಿಮೆ. ನಮ್ಮ ಬಿಲ್ಡಿಂಗ್‌ನಲ್ಲಿ ಬೇಸಿಗೆ ಬಂದರೆ ಬೋರ್‌ವೆಲ್ಲೇ ಗತಿ. ಅದಕ್ಕೇ ನೆನೆಸಲಿಕ್ಕೂ ಬೇಯಿಸಲಿಕ್ಕೂ ಫಿಲ್ಟರ್ ನೀರನ್ನೇ ಬಳಸುತ್ತೇನೆ. ನೆನೆಸುವ ನೀರಿಗೆ ಲೀಟರಿಗೆ ಒಂದು ಚಮಚ ಉಪ್ಪು ಹಾಕುತ್ತೇನೆ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅನ್ನುವ ಮಾತು ನೆನೆಸುವ ನೀರಿಗೆ ಹೊಂದುವುದಿಲ್ಲ. ಆ ಉಪ್ಪು ಸಿಪ್ಪೆಯನ್ನು ಮೆದು ಮಾಡುತ್ತೆ. ನಿಜವಾಗಿ ತಡೆಯುವುದು ಹುಳಿ. ಟೊಮ್ಯಾಟೊ, ಹುಣಸೆ, ನಿಂಬೆ ಯಾವುದೂ ಕಾಳು ಪೂರ್ತಿ ಬೇಯುವ ತನಕ ಹತ್ತಿರ ಬರಬಾರದು.

ನೆನೆಸಿದ ನೀರು ಚೆಲ್ಲಿ, ಹೊಸ ನೀರು ಹಾಕಿ. ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ. ಕುಕ್ಕರ್‌ನಲ್ಲಿ ಒಂದು ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ. ಒಂದು ಕಾಳನ್ನು ಚಮಚದಲ್ಲಿ ಎತ್ತಿ ಊದಿ ನೋಡಿ, ಸಿಪ್ಪೆ ಸುಕ್ಕುಗಟ್ಟಬೇಕು. ಬೆರಳ ನಡುವೆ ಹಿಚುಕಿದರೆ ಒಳಗೆ ಗಂಟು ಸಿಗಬಾರದು. ಡಬಲ್ ಬೀನ್ಸ್ ಬದಲು ರಾಜ್ಮಾ ಹಾಕುವವರು ಒಂದು ಗಮನಿಸಿ: ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇರುತ್ತೆ, ಅರೆಬೆಂದದ್ದು ತಿಂದರೆ ವಾಂತಿ, ಭೇದಿ ಆಗುತ್ತೆ. ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಯಲೇಬೇಕು. ಕುಕ್ಕರ್‌ನಲ್ಲಿ ಈ ಚಿಂತೆ ಇಲ್ಲ. ಸ್ಲೋ ಕುಕ್ಕರ್‌ಗೆ ಮಾತ್ರ ರಾಜ್ಮಾವನ್ನು ಹಸಿಯಾಗಿ ಹಾಕಬೇಡಿ.

ಬೆಂದ ಮೇಲೆ ಕಟ್ಟನ್ನು ಬಸಿದು ಬೇರೆ ಇಟ್ಟುಕೊಳ್ಳಿ. ಮೂರು ಲೋಟವಾದರೂ ಇರಲಿ.

ಸಾಸೇಜ್ ನಾನು ತರುವುದು ಕಾಕ್ಸ್ ಟೌನ್ ಕಡೆಯ ಒಂದು ಕೋಲ್ಡ್ ಸ್ಟೋರೇಜ್ ಅಂಗಡಿಯಿಂದ. ಹಸಿ ಪೋರ್ಕ್ ಸಾಸೇಜ್ ಇನ್ನೂರು ಗ್ರಾಂ ಸಾಕು, ಜಾಸ್ತಿ ಬೇಡ. ಗೋವಾ ಚೊರಿಸೊ ಆದರೆ ನೂರೈವತ್ತು. ಅದರಲ್ಲಿ ವಿನೆಗರ್, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಎಲ್ಲ ಮೊದಲೇ ಜೋರಾಗಿರುತ್ತೆ. ಫ್ರೀಜರ್‌ನಲ್ಲಿ ಸಿಗುವ ಚಿಕನ್ ಸಾಸೇಜ್ ಸಾಮಾನ್ಯವಾಗಿ ಬೆಂದೇ ಬಂದಿರುತ್ತೆ, ಕೊಬ್ಬೂ ಕಡಿಮೆ. ಅದನ್ನು ಬಳಸುವವರು ಎರಡು ಚಮಚ ಎಣ್ಣೆ ಹಾಕಿ ಕೆಂಪಗೆ ಹುರಿದುಕೊಳ್ಳಿ.

ಹಸಿ ಸಾಸೇಜ್‌ನ ಮೇಲಿನ ಪೊರೆ ಸೀಳಿ ಮಾಂಸವನ್ನು ಹೊರಗೆ ತೆಗೆಯುತ್ತೇನೆ. ದಪ್ಪ ತಳದ ಬಾಣಲೆ, ಒಲೆ ಹಚ್ಚುವ ಮುಂಚೆಯೇ ಮಾಂಸ ಅದರೊಳಗೆ. ಕಾದ ಬಾಣಲೆಗೆ ಹಾಕಿದರೆ ಹೊರಗೆ ಬೇಗ ಕಂದಾಗಿ, ಕೊಬ್ಬು ಒಳಗೇ ಉಳಿಯುತ್ತೆ. ತಣ್ಣಗೆ ಶುರು ಮಾಡಿ ಸಣ್ಣ ಉರಿಯಲ್ಲಿಟ್ಟರೆ ಕೊಬ್ಬು ನಿಧಾನಕ್ಕೆ ಬಿಟ್ಟುಕೊಳ್ಳುತ್ತೆ. ಮೊದಲು ನೀರು ಬಿಟ್ಟು ಬುಳುಬುಳು ಅನ್ನುತ್ತೆ. ನೀರು ಆರಿದ ಮೇಲೆ ಸದ್ದು ಬದಲಾಗಿ ಚುರುಚುರು ಅನ್ನತೊಡಗುತ್ತೆ. ಆಗ ಸೌಟಿನಿಂದ ಒಡೆದು, ಅಂಚು ಕೆಂಪಾಗುವ ತನಕ ಬಿಡಿ. ಪೂರ್ತಿ ಬೆಂದಿರಬೇಕು, ಎಲ್ಲೂ ಗುಲಾಬಿ ಬಣ್ಣ ಉಳಿಯಬಾರದು. ಮಾಂಸವನ್ನು ತಟ್ಟೆಗೆ ತೆಗೆದುಬಿಡಿ, ಕೊಬ್ಬು ಬಾಣಲೆಯಲ್ಲೇ ಇರಲಿ.

ಆ ಕೊಬ್ಬಿಗೆ ಮೂರು ಬ್ಯಾಡಗಿ ಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಎಂಟು ಎಸಳು, ದೊಡ್ಡ ಈರುಳ್ಳಿ ಒಂದು. ಚೊರಿಸೊ ಹಾಕಿದ್ದರೆ ಮೆಣಸಿನಕಾಯಿ ಬೇಡ. ಈರುಳ್ಳಿ ಮೆತ್ತಗಾದಾಗ ಎಲೆಯ ನರ, ದಂಟು ಹಾಕಿ ಐದಾರು ನಿಮಿಷ. ಅಷ್ಟರಲ್ಲಿ ಬಾಣಲೆಯ ತಳದಲ್ಲಿ ಕಂದು ಬಣ್ಣದ ಪದರ ಅಂಟಿರುತ್ತೆ. ಇಡೀ ಅಡುಗೆಯ ರುಚಿ ಇರುವುದು ಅಲ್ಲೇ. ಒಂದು ಲೋಟ ಕಟ್ಟು ಹುಯ್ದು ಮರದ ಸೌಟಿನಿಂದ ಕೆರೆದರೆ ಆ ಪದರವೆಲ್ಲ ಕರಗಿ ಕಟ್ಟಿಗೆ ಸೇರುತ್ತೆ, ತಿಳಿ ಕಟ್ಟು ನೋಡನೋಡುತ್ತಲೇ ಕೆಂಪು ಮಿಶ್ರಿತ ಕಂದಾಗುತ್ತೆ.

ಈಗ ಎಲೆ. ಒಟ್ಟಿಗೇ ತುರುಕಬೇಡಿ. ಒಂದು ಹಿಡಿ ಹಾಕಿ, ಬಾಡಿದ ಮೇಲೆ ಇನ್ನೊಂದು. ಮುಚ್ಚಳ ಮುಚ್ಚುವುದಿಲ್ಲ. ಮುಚ್ಚಿದರೆ ಸೊಪ್ಪಿನಿಂದ ಬರುವ ಹುಳಿ ಆವಿ ಅಲ್ಲೇ ಉಳಿದು ಹಸಿರು ಮಂಕಾಗುತ್ತೆ. ಎಲ್ಲ ಬಾಡಿದ ಮೇಲೆ ಕಾಳು, ಉಳಿದ ಕಟ್ಟು, ಸಣ್ಣಗೆ ಹೆಚ್ಚಿದ ಒಂದು ಟೊಮ್ಯಾಟೊ. ಒಂದು ಸೌಟು ಕಾಳನ್ನು ಬಾಣಲೆಯ ಬದಿಗೇ ಒತ್ತಿ ಮಸೆಯಿರಿ, ರಸ ಮಂದವಾಗುತ್ತೆ. ಹತ್ತು ನಿಮಿಷ ಕುದಿಯಲಿ. ಆಮೇಲೆ ಸಾಸೇಜ್ ವಾಪಸ್ ಹಾಕಿ. ಉಪ್ಪನ್ನು ರುಚಿ ನೋಡಿದ ಮೇಲೆ ಮಾತ್ರ ಹಾಕಿ. ಎಷ್ಟೋ ಸಲ ಬೇಕಾಗುವುದೇ ಇಲ್ಲ. ಒಲೆ ಆರಿಸಿದ ಮೇಲೆ ಕುಟ್ಟಿದ ಕಾಳುಮೆಣಸು, ಅರ್ಧ ನಿಂಬೆಹಣ್ಣಿನ ರಸ. ಚೊರಿಸೊಗೆ ನಿಂಬೆ ಬೇಡ, ಅದರದ್ದೇ ಹುಳಿ ಸಾಕು.

ನಮ್ಮತ್ತೆ ಸೋಮವಾರ, ಶನಿವಾರ ಮಾಂಸ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಇದೇ ಸೊಪ್ಪು, ಇದೇ ಕಾಳು, ಇದೇ ಕಟ್ಟು. ಸಾಸೇಜ್ ಬದಲು ಎಣ್ಣೆಯಲ್ಲಿ ಬೆಳ್ಳುಳ್ಳಿ, ಬ್ಯಾಡಗಿ ಚೆನ್ನಾಗಿ ಕೆಂಪಗೆ ಮಾಡಿ, ಈರುಳ್ಳಿಯನ್ನು ತಳ ಹಿಡಿಯುವಷ್ಟು ಹುರಿದು ಕಟ್ಟಿನಲ್ಲಿ ಕೆರೆಯುತ್ತೇನೆ. ಅತ್ತೆ ಮುದ್ದೆಗೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ಡಬಲ್ ಬೀನ್ಸ್ ಜಾಗಕ್ಕೆ ಅವರೆಕಾಳು ಬರುತ್ತೆ. ಸೊಗಡು ಇರುವ ಮಾಗಡಿ ಕಡೆಯ ಕಾಯಿ ಸಿಕ್ಕಿದರೆ ಟೊಮ್ಯಾಟೊ ಬಿಡಿ, ಮೆಂತ್ಯವನ್ನೂ ಬಿಡಿ. ಚೊರಿಸೊ ಬೇಡವೇ ಬೇಡ, ಅದರ ವಿನೆಗರ್ ಸೊಗಡನ್ನು ಮುಚ್ಚಿಹಾಕುತ್ತೆ. ಮಸಾಲೆ ಕಡಿಮೆ ಇರುವ ಪೋರ್ಕ್ ಸಾಸೇಜ್, ಕಾಳುಮೆಣಸು ಇಷ್ಟೇ ಸಾಕು. ಉಳಿದದ್ದು ಫ್ರಿಜ್‌ನಲ್ಲಿ ಎರಡು ದಿನ ಇರುತ್ತೆ. ಕಾಳು ರಸವನ್ನೆಲ್ಲ ಹೀರಿ ಗಟ್ಟಿಯಾಗಿರುತ್ತೆ, ಬಿಸಿನೀರು ಸೇರಿಸಿ ಚೆನ್ನಾಗಿ ಕುದಿಸಿಕೊಳ್ಳಿ. ಇಲ್ಲಾ ಹಾಗೇ ಬಿಸಿ ಮಾಡಿ ಅಕ್ಕಿ ರೊಟ್ಟಿಗೆ ಪಲ್ಯದ ಥರ ಹಾಕಿಕೊಳ್ಳಿ.