ಪಂಪಿಗೆ ಎಚ್‌ಪಿ ಸಾಲದು ಟೀಚರ್

ಬಾವಿಯಲ್ಲಿ ನೀರು 40 ಅಡಿ ಕೆಳಗೆ ಉಂಟು. ಪಂಪನ್ನು ಬಾವಿಕಟ್ಟೆಯ ಪಕ್ಕದಲ್ಲಿ, ಮೇಲೆಯೇ ಕೂರಿಸಿದ್ದಾರೆ. ಪಂಪು ತಿರುಗುತ್ತದೆ, ಸದ್ದು ಮಾಡುತ್ತದೆ, ನೀರು ಮಾತ್ರ ಬರುವುದಿಲ್ಲ. ಯಾಕೆ?

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಸುಮ್ನೆ ಈ ಪ್ರಶ್ನೆ ಕೇಳಿದೆ. ವಾಯುಮಂಡಲದ ಒತ್ತಡ ಎಂದರೇನು ಅಂತ ಕೇಳಿದರೆ ಉಸಿರು ಬಿಡದೆ ಹೇಳುವ ಮಕ್ಕಳು. ನಿಮಿಷ ಎರಡಾಯಿತು, ಯಾರದ್ದೂ ಮಾತಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: "ಪಂಪಿಗೆ ಎಚ್‌ಪಿ ಸಾಲದು ಟೀಚರ್. ದೊಡ್ಡದು ಹಾಕ್ಬೇಕು." ಇಡೀ ಕ್ಲಾಸು ಹೌದು ಹೌದು ಎಂದಿತು.

ನಾನು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಕಡೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಕಲಿಸುವವಳು. ಇಲ್ಲಿ ಮನೆಗೊಂದು ಬಾವಿ. ಆಳದ ಬಾವಿಗಳಲ್ಲಿ ಪಂಪನ್ನು ಒಳಗಿನ ಮೆಟ್ಟಿಲ ಮೇಲೆ ಇಳಿಸಿ ಇಟ್ಟದ್ದನ್ನು ಈ ಮಕ್ಕಳೆಲ್ಲ ಕಂಡಿದ್ದಾರೆ. ಮಳೆಗಾಲದಲ್ಲಿ ನೀರು ಏರಿದಾಗ ಅದನ್ನು ಮೇಲೆತ್ತಲು ಅಪ್ಪನಿಗೆ ಹಗ್ಗ ಹಿಡಿದುಕೊಟ್ಟವರೂ ಇದ್ದಾರೆ. ಪುಸ್ತಕದಲ್ಲಿ ಓದಿದ ಗಾಳಿಯ ಒತ್ತಡ ಒಂದು ಕಡೆ, ಮನೆಯ ಪಂಪು ಇನ್ನೊಂದು ಕಡೆ. ನಡುವೆ ದಾರಿಯೇ ಇಲ್ಲ.

ನನ್ನ ಪರೀಕ್ಷೆಗಳು ಅಷ್ಟರವರೆಗೆ ಆ ದಾರಿಯನ್ನು ಕೇಳಿಯೇ ಇರಲಿಲ್ಲ. ನಮ್ಮ ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇರೆ ಬೇರೆ ಪೇಪರು. ತಲಾ 40 ಅಂಕ, ಒಂದೂವರೆ ಗಂಟೆ, ಅದಕ್ಕೆ ಮೊದಲು ಪ್ರಶ್ನೆ ಓದಿಕೊಳ್ಳಲಿಕ್ಕೆ 15 ನಿಮಿಷ ಕೂಲ್ ಆಫ್ ಟೈಮ್. ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ ಎಲ್ಲ ಅದೇ ದಾರಿಯಲ್ಲಿ. ನಾನೂ ಯೂನಿಟ್ ಟೆಸ್ಟಿಗೆ ಹಳೆ ಪೇಪರುಗಳಿಂದಲೇ ಪ್ರಶ್ನೆ ಎತ್ತುತ್ತಿದ್ದೆ. ಮಾರ್ಕು ಬರುತ್ತಿತ್ತು. ಎಲ್ಲರಿಗೂ ನೆಮ್ಮದಿ.

ಎಚ್‌ಪಿಯ ಉತ್ತರ ಕೇಳಿದ ಮೇಲೆ ಆ ನೆಮ್ಮದಿ ಹೋಯಿತು. ಬೇರೆ ಒಂದು ಟೆಸ್ಟ್ ಬೇಕು ಅನ್ನಿಸಿತು. ಮಾರ್ಕಿಗಲ್ಲ, ಮಕ್ಕಳ ತಲೆಯೊಳಗೆ ಎಂತ ಉಂಟು ಅಂತ ನೋಡಲಿಕ್ಕೆ.

ಮೊದಲ ಸಲ ನಾನೇ ಕೂತು ನಾಲ್ಕು ನಾಲ್ಕು ಆಯ್ಕೆ ಕೊಟ್ಟು 20 ಪ್ರಶ್ನೆ ಬರೆದೆ. ಪೂರ್ತಿ ಸೋತಿತು. ಒಂದು ಸರಿ ಉತ್ತರ ಬರೆದು, ಉಳಿದ ಮೂರಕ್ಕೆ ಬಾಯಿಗೆ ಬಂದದ್ದು ಹಾಕಿದ್ದೆ. ಆ ಮೂರನ್ನು ಯಾವ ಮಗುವೂ ನಂಬುವುದಿಲ್ಲ. ಹಾಗಾಗಿ ಓದದಿದ್ದವರೂ ಸರಿ ಹಾಕಿದರು.

ಆಮೇಲೆ ಕ್ರಮ ಬದಲಾಯಿಸಿದೆ. ಮೊದಲು ಪ್ರಶ್ನೆಯನ್ನು ಆಯ್ಕೆ ಇಲ್ಲದೆ ಬೋರ್ಡಿನಲ್ಲಿ ಬರೆಯುವುದು. ಮಕ್ಕಳು ಹರಿದ ಕಾಗದದಲ್ಲಿ, ಹೆಸರು ಹಾಕದೆ, ತೋಚಿದ್ದು ಬರೆದು ಕೊಡುವುದು. ಆ ಚೀಟಿಗಳಲ್ಲಿ ಹೆಚ್ಚು ಸಲ ಬಂದ ಮೂರು ತಪ್ಪುಗಳೇ ಮುಂದಿನ ವರ್ಷದ ಆಯ್ಕೆಗಳು. ಪಂಪಿನ ಪ್ರಶ್ನೆಗೆ ಹೀಗೆ ಸಿಕ್ಕಿದ್ದು: ಎಚ್‌ಪಿ ಸಾಲದು, ಪೈಪು ಸಣ್ಣದಾಯಿತು, ಫುಟ್ ವಾಲ್ವ್ (ಪೈಪಿನ ಅಡಿತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಲೀಕು. ಈ ಉಪಾಯ ನನ್ನದಲ್ಲ. ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಜೊತೆಯವರು 1992ರಲ್ಲಿ ಬಲ ಮತ್ತು ಚಲನೆಯ ಬಗ್ಗೆ ಇಂಥದ್ದೊಂದು ಟೆಸ್ಟ್ ಪ್ರಕಟಿಸಿದ್ದರು. ಅದರಲ್ಲಿ ಲೆಕ್ಕ ಮಾಡುವ ಕೆಲಸವೇ ಇಲ್ಲ, ತಪ್ಪು ಆಯ್ಕೆಗಳೆಲ್ಲ ಜನ ನಿಜವಾಗಿ ನಂಬುವಂಥವು. ಅಲ್ಲಿನ ಕಾಲೇಜು ಹುಡುಗರೂ ಅದರಲ್ಲಿ ಎಡವಿದ್ದರು ಎಂದು ಓದಿದಾಗ ನಮ್ಮವರ ಬಗ್ಗೆ ಸ್ವಲ್ಪ ಸಮಾಧಾನವಾಯಿತು.

ಫುಟ್ ವಾಲ್ವಿನ ವಿಷಯಕ್ಕೆ ಒಬ್ಬ ಹುಡುಗ ನನ್ನ ಹತ್ತಿರ ಜಗಳಕ್ಕೇ ನಿಂತ. ಅವನ ಮಾವ ಪಂಪು ರಿಪೇರಿ ಮಾಡುವವರು. "ವಾಲ್ವ್ ಲೀಕಾದ್ರೂ ನೀರು ಬರುವುದಿಲ್ಲ ಟೀಚರ್. ಅದು ಹೇಗೆ ತಪ್ಪಾಗ್ತದೆ?" ಅವನು ಹೇಳಿದ್ದು ಸರಿ. ಈಗ ಪ್ರಶ್ನೆಯಲ್ಲಿ 'ಫುಟ್ ವಾಲ್ವ್, ಪೈಪು, ಎಲ್ಲ ಸರಿ ಇದೆ' ಎಂಬ ಸಾಲು ಸೇರಿದೆ.

ಈಗಿನ ಟೆಸ್ಟಿನಲ್ಲಿ 12 ಪ್ರಶ್ನೆ, ಒಂದೊಂದು ವಿಷಯಕ್ಕೆ ನಾಲ್ಕು. ಉತ್ತರಕ್ಕೆ ಗುರುತು ಹಾಕಿದ ಮೇಲೆ ಕೆಳಗೆ ಎರಡು ಸಾಲಿನಲ್ಲಿ ಕಾರಣ ಬರೆಯಬೇಕು. ಪಕ್ಕದಲ್ಲಿ ಒಂದು ಚೌಕ: 'ಖಂಡಿತ', 'ಅಂದಾಜು', 'ಗೊತ್ತಿಲ್ಲ'. ಉತ್ತರ ಸರಿ, ಕಾರಣ ತಪ್ಪು ಎಂಬ ಪೇಪರುಗಳೇ ರಾಶಿ ಬರುತ್ತವೆ. ನಾನು ಮೊದಲು ಹುಡುಕುವುದು ಮಾತ್ರ ತಪ್ಪು ಉತ್ತರದ ಪಕ್ಕ 'ಖಂಡಿತ' ಎಂದು ಬರೆದವರನ್ನು. 'ಗೊತ್ತಿಲ್ಲ' ಎಂದವರಿಗೆ ಹೇಳಿಕೊಟ್ಟರೆ ಆಯಿತು. 'ಖಂಡಿತ' ಎಂದವರ ಹತ್ತಿರ ಬೇರೊಂದು ವಿಜ್ಞಾನವೇ ಇರುತ್ತದೆ, ಅದನ್ನು ಮೊದಲು ಕೇಳಬೇಕು. ಈ ಚೌಕ ಎಲ್ಲರಿಗೂ ಒಂದೇ ಅಳತೆಯಲ್ಲ ಎನ್ನುವುದೂ ನಿಜ. ನನ್ನ ಕ್ಲಾಸಿನ ಗಂಡುಮಕ್ಕಳು ಕಣ್ಣು ಮುಚ್ಚಿ 'ಖಂಡಿತ' ಹಾಕುತ್ತಾರೆ. ಹುಡುಗಿಯರು ಎಲ್ಲ ಗೊತ್ತಿದ್ದೂ 'ಅಂದಾಜು'.

ಮಾರ್ಕಿಲ್ಲದ ಟೆಸ್ಟ್ ಎಂದಾಗ ಮಕ್ಕಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. "ಮಾರ್ಕಿಲ್ಲವಾ? ಮತ್ತೆ ಎಂತಕ್ಕೆ ಬರೆಯುವುದು ಟೀಚರ್?" ಎಂದರು. ಒಬ್ಬ ತಾಯಿಯೂ ಬಂದು ಪೋರ್ಶನ್ ಮುಗಿಯುತ್ತದಾ ಎಂದು ಕೇಳಿ ಹೋದರು. ಅವರ ಚಿಂತೆ ಸುಳ್ಳಲ್ಲ. ಹತ್ತನೆಯವರಿಗೆ ಜನವರಿ ಆದಮೇಲೆ ನಾನು ಈ ಟೆಸ್ಟ್ ಮಾಡುವುದಿಲ್ಲ.

ಇನ್ನು ಭಾಷೆ. ನನ್ನ ಕ್ಲಾಸಿನಲ್ಲಿ ಮನೆಮಾತು ತುಳು, ಮಲಯಾಳ, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ. ಪೇಪರಿನ ಕನ್ನಡ ಇದ್ಯಾವುದೂ ಅಲ್ಲ. ಕಾರಣವನ್ನು ಯಾವ ಭಾಷೆಯಲ್ಲಾದರೂ ಬರೆಯಿರಿ ಎಂದೆ. ಕನ್ನಡ ಅಕ್ಷರದಲ್ಲಿ ತುಳು ಬಂತು, ಬ್ಯಾರಿ ಬಂತು, ಕಾರಣಗಳು ಎರಡು ಸಾಲಿನಿಂದ ಐದು ಸಾಲಾದವು. 'ಸಾಂದ್ರತೆ'ಯ ಗಂಟು ಬಿಚ್ಚಿಕೊಂಡದ್ದೂ ಆಗಲೇ. ತೆಂಗಿನೆಣ್ಣೆ, ನೀರು ಇವೆರಡರಲ್ಲಿ ಯಾವುದರ ಸಾಂದ್ರತೆ ಜಾಸ್ತಿ? ಹೆಚ್ಚಿನವರು ಎಣ್ಣೆ ಎಂದರು, ಅದೂ 'ಖಂಡಿತ'. ಎಣ್ಣೆ ನೀರಿನ ಮೇಲೆ ತೇಲುವುದು ಅವರಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಸಾಂದ್ರ ಎಂದರೆ ದಪ್ಪ, ಮಂದ ಎಂದು ಅವರ ಲೆಕ್ಕ. ಲ್ಯಾಬಿನ ಬಾಟ್ಲಿಯ ಮೇಲೆ 'ಸಾಂದ್ರ ಗಂಧಕಾಮ್ಲ' (ನೀರು ಬೆರೆಸಿ ತೆಳು ಮಾಡದ ಆಮ್ಲ) ಎಂದು ಬೇರೆ ಬರೆದಿದೆ, ಅದೂ ಎಣ್ಣೆಯಂತೆಯೇ ಮಂದ. ಒಂದೇ ಪದ ಎರಡು ಕಡೆ ಎರಡು ಅರ್ಥದಲ್ಲಿ ಕೂತರೆ ಮಕ್ಕಳು ಎಂತ ಮಾಡಬೇಕು? ಈಗ ನಾನು ಪ್ರಶ್ನೆಯನ್ನು ಹೀಗೆ ಬರೆಯುತ್ತೇನೆ: ಒಂದೇ ಲೋಟದಲ್ಲಿ ಒಮ್ಮೆ ಎಣ್ಣೆ ತುಂಬಿ ತೂಗಿ, ಒಮ್ಮೆ ನೀರು ತುಂಬಿ ತೂಗಿ. ಯಾವುದು ಹೆಚ್ಚು ತೂಗುತ್ತದೆ? ಒಂದು ಲೀಟರ್ ನೀರು ಒಂದು ಕಿಲೋ, ತೆಂಗಿನೆಣ್ಣೆ ಸುಮಾರು 920 ಗ್ರಾಂ. ಹಿಂದೆಯೇ ಇನ್ನೊಂದು ಪ್ರಶ್ನೆ. ಡಿಸೆಂಬರ್ ಬೆಳಿಗ್ಗೆ ಬಾಟ್ಲಿಯ ಎಣ್ಣೆ ಅರ್ಧ ಹೆಪ್ಪುಗಟ್ಟಿದೆ. ಗಟ್ಟಿಯಾದದ್ದು ಮೇಲೆ ತೇಲುತ್ತದಾ, ಅಡಿಯಲ್ಲಿ ಕೂರುತ್ತದಾ? ಐಸಿನ ಪಾಠ ಚೆನ್ನಾಗಿ ಓದಿದವರೆಲ್ಲ ತೇಲುತ್ತದೆ ಎಂದರು. ತಲೆಗೆ ಎಣ್ಣೆ ಹಾಕಿಕೊಳ್ಳಲು ಬಾಟ್ಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕಾದವರು ಅಡಿಯಲ್ಲಿ ಎಂದರು. ಅವರದ್ದೇ ಸರಿ.

ಜೀವಶಾಸ್ತ್ರ ನನ್ನ ವಿಷಯವಲ್ಲ, ಅದರ ನಾಲ್ಕು ಪ್ರಶ್ನೆ ಪಕ್ಕದ ಕ್ಲಾಸಿನ ಟೀಚರದ್ದು. ಅವರ ಒಂದು ಪ್ರಶ್ನೆ ನನಗೆ ತುಂಬ ಇಷ್ಟ. ಅಡಿಕೆ ಸಸಿ ನೆಟ್ಟಾಗ ಕಿಲೋ ಇರಲಿಲ್ಲ, ಈಗ ಮರ ಒಬ್ಬನಿಂದ ಎತ್ತಲಾಗುವುದಿಲ್ಲ. ಆ ತೂಕ ಎಲ್ಲಿಂದ ಬಂತು? ಮಣ್ಣಿನಿಂದ, ಗೊಬ್ಬರದಿಂದ, ನೀರಿನಿಂದ ಎಂದರು ಹೆಚ್ಚಿನವರು. ಗಾಳಿ ಎಂದು ಬರೆದವರು ಒಂದಿಬ್ಬರು. ದ್ಯುತಿಸಂಶ್ಲೇಷಣೆಯ ಸಮೀಕರಣ ಅದೇ ಮಕ್ಕಳ ನೋಟ್ಸಿನಲ್ಲಿ ಚಂದಕ್ಕೆ ಗೆರೆ ಎಳೆದು ಬರೆದಿತ್ತು. ಆ ಟೀಚರ್ ಉತ್ತರ ಹೇಳಲಿಲ್ಲ, ಕಥೆ ಹೇಳಿದರು. ಬ್ರಸೆಲ್ಸಿನ ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಒಣಗಿಸಿ ತೂಗಿದ 90 ಕಿಲೋದಷ್ಟು ಮಣ್ಣಿನಲ್ಲಿ ಎರಡು ಕಿಲೋ ಚಿಲ್ಲರೆಯ ವಿಲ್ಲೋ ಸಸಿ ನೆಟ್ಟ. ಐದು ವರ್ಷ ನೀರು ಮಾತ್ರ ಕೊಟ್ಟ. ಗಿಡ ಸುಮಾರು 77 ಕಿಲೋ ಆಯಿತು, ಮಣ್ಣು ಕಡಿಮೆಯಾದದ್ದು 60 ಗ್ರಾಮಿನಷ್ಟು. ಹಾಗಾದರೆ ಎಲ್ಲ ನೀರೇ ಎಂದು ಅವನು ತೀರ್ಮಾನಿಸಿದ. 1648ರಲ್ಲಿ, ಅವನು ಸತ್ತ ಮೇಲೆ, ಅದು ಅಚ್ಚಾಯಿತು. "ಅವನದ್ದೂ ತಪ್ಪಾ ಟೀಚರ್!" ಎಂದು ಮಕ್ಕಳಿಗೆ ಎಲ್ಲಿಲ್ಲದ ಸಂತೋಷ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕಾರ್ಬನ್, ಅದು ಬಂದದ್ದು ಗಾಳಿಯಿಂದ ಎಂದು ಆಮೇಲೆ ಹೇಳಿದರು.

ರಸಾಯನಶಾಸ್ತ್ರದ ಪ್ರಶ್ನೆಗಳಲ್ಲಿ ಒಂದು ನಮ್ಮ ತೋಟದ್ದು. ಜೂನ್ ಬಂದರೆ ಇಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಬೋರ್ಡೋ ಎಂಬ ಆ ಮದ್ದು ಆಯಿತು. ಪಾಕ ಸರಿಯಾಗಿದೆಯಾ ಎಂದು ನೋಡಲು ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು. ಕತ್ತಿಗೆ ಹಿಡಿದ ಕೆಂಪು ಯಾವುದು, ಎಲ್ಲಿಂದ ಬಂತು?

ಚೆನ್ನಾಗಿ ಓದುವವರಲ್ಲಿ ಹಲವರು ತುಕ್ಕು ಎಂದರು. ಯಾವಾಗಲೂ ಡಿ ಪ್ಲಸ್ಸಿನ, ಎಂದರೆ ಪಾಸಿನ ಗ್ರೇಡಿನ, ಆಚೀಚೆ ಇರುವ ಒಬ್ಬ ಹುಡುಗ, ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಚಕ್ಕರ್ ಹೊಡೆಯುವವನು, ತುಳುವಿನಲ್ಲಿ ಮೂರು ಸಾಲು ಬರೆದಿದ್ದ. ತುಕ್ಕಾದರೆ ಉಜ್ಜಿದರೆ ಪುಡಿ ಬರುತ್ತದೆ, ಇದು ಉಜ್ಜಿದರೆ ಹೊಸ ತಂತಿಯ ಹಾಗೆ ಹೊಳೆಯುತ್ತದೆ, ಇದು ತುತ್ತಿನ ಒಳಗಿನ ತಾಮ್ರವೇ. ಅದಕ್ಕೇ ಅಜ್ಜ ಕಬ್ಬಿಣದ ಡಬ್ಬಿಯಲ್ಲಿ ಮದ್ದು ಕಲಸಲು ಬಿಡುವುದಿಲ್ಲ. ಪೇಪರಿನಲ್ಲಿ ಇದರ ಹೆಸರು ಸ್ಥಾನಪಲ್ಲಟ ಕ್ರಿಯೆ. ಕಬ್ಬಿಣ ದ್ರಾವಣಕ್ಕೆ ಹೋಗುತ್ತದೆ, ತಾಮ್ರ ಹೊರಗೆ ಬಂದು ಅಲಗಿನ ಮೇಲೆ ಕೂರುತ್ತದೆ. ಆ ಹೆಸರು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮರುದಿನ ತುತ್ತು, ಸುಣ್ಣ, ಕತ್ತಿ ತರಿಸಿ ಬಕೆಟಿನಲ್ಲಿ ಅವನ ಕೈಯಿಂದಲೇ ಮಾಡಿಸಿದೆ. ಸುಣ್ಣ ಕಡಿಮೆ ಇದ್ದಾಗ ಕೆಂಪು, ಸಾಕಷ್ಟು ಹಾಕಿದ ಮೇಲೆ ಹೊಸ ಅಲಗು ಬೆಳ್ಳಗೆ ಹಾಗೇ. ತುಕ್ಕು ಎಂದವರು ಉಗುರಿನಲ್ಲಿ ಕೆರೆದು ನೋಡಿದರು.

ಟೆಸ್ಟಿನ ಮರುದಿನ ಹೀಗೆ ಏನಾದರೂ ಮಾಡಿ ತೋರಿಸದಿದ್ದರೆ ಟೆಸ್ಟ್ ಮಾಡಿ ಪ್ರಯೋಜನವಿಲ್ಲ. ಮಸೂರದ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದರೆ ಗೋಡೆಯ ಮೇಲೆ ಬಿಂಬ ಅರ್ಧವೇ ಬೀಳುತ್ತದೆ ಎಂದು ಎಲ್ಲರೂ ಆಣೆ ಹಾಕುತ್ತಾರೆ. ಕಿಟಕಿಯ ಎದುರು ಮಸೂರ ಹಿಡಿದೆವು. ತೆಂಗಿನ ಮರ ತಲೆಕೆಳಗಾಗಿ ಗೋಡೆಗೆ ಬಂತು. ಕಾಗದ ಅಂಟಿಸಿದೆವು. ಮರ ಪೂರ್ತಿ ಇದೆ, ಸ್ವಲ್ಪ ಮಸುಕು, ಅಷ್ಟೇ. ಪಂಪಿನದ್ದಕ್ಕೆ ಬಾವಿ ಬೇಕಾಗಲಿಲ್ಲ, ಬೋರ್ಡಿನ ಮೇಲೆ ಒಂದು ಲೆಕ್ಕ ಸಾಕಾಯಿತು. ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1643ರಲ್ಲಿ ನೋಡಿದಂತೆ ಗಾಳಿ 76 ಸೆಂಟಿಮೀಟರ್ ಪಾದರಸವನ್ನಷ್ಟೇ ಹೊರುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿದರೆ 10.3 ಮೀಟರ್, 34 ಅಡಿ. ಪಂಪು ಎಳೆಯುವುದಲ್ಲ, ಹೊರಗಿನ ಗಾಳಿ ದೂಡುವುದು. ಘರ್ಷಣೆ, ಸೋರಿಕೆ ಕಳೆದರೆ 25 ಅಡಿಯಷ್ಟು ಸಿಕ್ಕಿದರೆ ಪುಣ್ಯ. ಎಷ್ಟು ಎಚ್‌ಪಿ ಹಾಕಿದರೂ ಗಾಳಿ ಇನ್ನೂ ಜೋರಾಗಿ ದೂಡುವುದಿಲ್ಲ.

ಒಂದು ಪ್ರಶ್ನೆ ನನ್ನದೇ ಸರಿಯಿರಲಿಲ್ಲ. ತಲೆ ಮೇಲೆ 20 ಕಿಲೋ ಹುಲ್ಲಿನ ಹೊರೆ ಹೊತ್ತು ಒಬ್ಬ ಹೆಂಗಸು ಸಮತಟ್ಟಾದ ದಾರಿಯಲ್ಲಿ 200 ಮೀಟರ್ ನಡೆದಳು, ಗುರುತ್ವದ ವಿರುದ್ಧ ಆದ ಕೆಲಸ ಎಷ್ಟು? ಉತ್ತರ ಸೊನ್ನೆ. ಚೆನ್ನಾಗಿ ಲೆಕ್ಕ ಮಾಡುವ ಒಬ್ಬಳು ಖಾಲಿ ಬಿಟ್ಟಿದ್ದಳು. ಕರೆದು ಕೇಳಿದೆ. "ಗೊತ್ತಿತ್ತು ಟೀಚರ್. ಸೊನ್ನೆ ಅಂತ ಬರೀಲಿಕ್ಕೆ ಮನಸ್ಸು ಬರ್ಲಿಲ್ಲ. ಅಮ್ಮ ದಿನಾ ಹೊರುವುದು." ನಾನು ಏನೂ ಹೇಳಲಿಲ್ಲ. ನಮ್ಮಲ್ಲಿ ಸಮತಟ್ಟಾದ ದಾರಿಯಾದರೂ ಎಲ್ಲುಂಟು? ತೋಟ ಕೆಳಗೆ, ಮನೆ ಗುಡ್ಡೆಯಲ್ಲಿ.

ಮುಂದಿನ ಸಲ ಬದಲಾಯಿಸಿದೆ. ಅದೇ ಹೊರೆ, ತೋಟದಿಂದ ಹಟ್ಟಿಗೆ 15 ಮೀಟರ್ ಏರು. 20 ಸಲ 10 ಸಲ 15, 3000 ಜೂಲ್ ಎಂದು ಉತ್ತರ ಬರೆದಿಟ್ಟುಕೊಂಡಿದ್ದೆ. ಅವಳ ಪೇಪರಿನಲ್ಲಿ 10,500 ಎಂದಿತ್ತು, ಪಕ್ಕದಲ್ಲಿ 'ಖಂಡಿತ'. ಕೆಂಪು ಪೆನ್ನು ಎತ್ತಿದೆ. ಕೆಳಗೆ ಕಾರಣ ಬರೆದಿದ್ದಳು: "ಅಮ್ಮ 50 ಕಿಲೋ ಇದ್ದಾರೆ. ಹುಲ್ಲು ತಾನಾಗಿ ಹತ್ತುವುದಿಲ್ಲ. ಅಮ್ಮನೂ ಹತ್ತಬೇಕಲ್ಲ."